ಸಿವಿಲ್ ವಕೀಲರ ಧಾರಾವಾಹಿ ಮಾಡಿದವರು ಯಾರಾದರೂ ಇದ್ದೀರಾ?

ತುಮಕೂರಿನವಳು: ತಾಲ್ಲೂಕು ನ್ಯಾಯಾಲಯದ ಸಿವಿಲ್ ವಕೀಲೆಯೊಬ್ಬಳ ಕಥೆ ಬರೆದಿದ್ದೇನೆ. ಕೊಲೆ, ಅಪಹರಣ ಯಾವುದೂ ಇಲ್ಲ. ಪಾಲು ದಾವೆ, ತಡೆಯಾಜ್ಞೆ, ಬಾಡಿಗೆ ತಗಾದೆ, ಅಷ್ಟೇ. ವಾಹಿನಿಯವರ ಮುಂದಿಡುವ ಮೊದಲು ಅನುಭವಸ್ಥರ ಮಾತು ಬೇಕು. ನಿಜವಾದ ಕಲಾಪವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬಹುದು?

ಹಳೆಯ ಸಂಭಾಷಣೆಕಾರ: ನಾನು ಬರೆದದ್ದೂ ಪಾಲು ದಾವೆಯೇ. ಅಣ್ಣತಮ್ಮಂದಿರು, ತೆಂಗಿನ ತೋಟ, ಅನುಮಾನದ ವಿಲ್. ಟಿಆರ್‌ಪಿ ಬಂದ ಗುರುವಾರ ಸಂಜೆಯೇ ಕರೆ ಬಂತು: ‘ಸರ್, ತೋಟದಲ್ಲಿ ಒಂದು ಹೆಣ ಸಿಗಲಿ.’ ಸಿಕ್ಕಿತು. ಆಮೇಲೆ ತೋಟ ಯಾರಿಗೂ ಬೇಡವಾಯಿತು. ದಾವೆ ಏನಾಯಿತೆಂದು ಪ್ರೇಕ್ಷಕರಲ್ಲಿ ಒಬ್ಬರೂ ಕೇಳಲಿಲ್ಲ, ಅದೇ ಇಂದಿಗೂ ಹೊಟ್ಟೆ ಉರಿಸುತ್ತದೆ. ಮುಂಗಡವಾಗಿ ಚಿತ್ರಿಸಿಟ್ಟಿದ್ದ ಕಂತುಗಳನ್ನು ಎಸೆದರು. ಪ್ರಸಾರವಾದ ಕಂತಿಗೆ ಮಾತ್ರ ಸಂಭಾವನೆ ಎಂದು ಕರಾರಿನ ಯಾವುದೋ ಮೂಲೆಯಲ್ಲಿತ್ತಂತೆ.

ಕಲಾ ವಿಭಾಗದವ: ಬರಹಗಾರರು ‘ನ್ಯಾಯಾಲಯ, ಹಗಲು’ ಎಂದು ಗೀಚಿ ಮನೆಗೆ ಹೋಗುತ್ತಾರೆ. ಹಾಲ್ ಬಾಡಿಗೆ ದಿನಕ್ಕೆ 18,000. ಪೀಠ, ಕಟಕಟೆ, ಬಡಗಿಯ ಕೂಲಿ ಸೇರಿ 1,40,000. ಕಟ್ಲೆಯ ಕಡತಗಳೆಂದು ಕಿಲೋಗೆ 22 ರೂಪಾಯಿಯಂತೆ ಹಳೆಯ ಕಾಗದ ತಂದರೆ ಮಳೆಗೆ ನೆನೆದು ಉಬ್ಬಿದವು. ಒಂದೇ ದೃಶ್ಯದಲ್ಲಿ ಒಮ್ಮೆ ತೆಳ್ಳಗೆ, ಒಮ್ಮೆ ದಪ್ಪ! ನ್ಯಾಯಾಧೀಶರ ಸುತ್ತಿಗೆಗೆ ಬೇರೆ 1,500. ಕಟಕಟೆ ಇನ್ನೂ ಗೋದಾಮಿನಲ್ಲಿದೆ, ಬೇಕಾದವರು ಹೇಳಿ.

ಸಿವಿಲ್ ವಕೀಲ: ಸುತ್ತಿಗೆಯೇ? ನಮ್ಮ ನ್ಯಾಯಾಲಯಗಳಲ್ಲಿ ಸುತ್ತಿಗೆ ಬಡಿಯುವ ಪದ್ಧತಿಯೇ ಇಲ್ಲ ಸ್ವಾಮಿ. ನಾನು ಸಲಹೆಗಾರನಾಗಿದ್ದ ಧಾರಾವಾಹಿಯಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸಾಕ್ಷಿಯ ಮುಖ್ಯ ವಿಚಾರಣೆ ಲಿಖಿತ ಪ್ರಮಾಣಪತ್ರದಲ್ಲೇ (ಅಫಿಡವಿಟ್) ಮುಗಿಯುತ್ತದೆ, ಆದ್ದರಿಂದ ನಾಟಕವೆಲ್ಲ ಎದುರು ವಕೀಲರ ಪಾಟೀಸವಾಲಿನಲ್ಲಿ. ಅಲ್ಲಿಯೂ ಪ್ರಶ್ನೆಯನ್ನು ಉತ್ತರದೊಳಗೇ ಸೇರಿಸಿ ಬರೆಸುತ್ತಾರೆ. ಸಾಕ್ಷಿ ಅಳುತ್ತಾ ಅಪ್ಪನ ಸಾವಿನ ರಾತ್ರಿಯನ್ನೆಲ್ಲ ಹೇಳುತ್ತಾನೆ. ನ್ಯಾಯಾಧೀಶರು ‘ಸದರಿ ಜಮೀನು ಸ್ವಯಾರ್ಜಿತ ಎಂದರೆ ಸರಿಯಲ್ಲ’ ಎಂದು ಬರೆಸುತ್ತಾರೆ. ಬೆರಳಚ್ಚುಗಾರ್ತಿ ತಲೆ ಎತ್ತದೆ ‘ಸರ್ವೆ ನಂಬರ್ ಎಷ್ಟು?’ ಎನ್ನುತ್ತಾಳೆ. ಅದಕ್ಕಿಂತ ಒಳ್ಳೆಯ ದೃಶ್ಯ ನಮ್ಮ ಧಾರಾವಾಹಿಯಲ್ಲೇ ಇರಲಿಲ್ಲ.

ಹಳೆಯ ಸಂಭಾಷಣೆಕಾರ: ಆ ವಾರ ಟಿಆರ್‌ಪಿ ಎಷ್ಟು ಬಂತು ವಕೀಲರೇ?

ಸಿವಿಲ್ ವಕೀಲ: ಹೆಣ ಹೂತವರಿಂದ ಈ ಪ್ರಶ್ನೆಯನ್ನು ನಿರೀಕ್ಷಿಸಿದ್ದೆ.

ಕಲಾ ವಿಭಾಗದವ: ಸುತ್ತಿಗೆ ಕೇಳಿದ್ದು ನಿರ್ದೇಶಕರು. ನನ್ನ ಮೇಲೆ ಹಾರಾಡಬೇಡಿ.

ಸಹಾಯಕ ನಿರ್ದೇಶಕಿ: ನಮಗೆ ಮುಳುವಾದದ್ದು ಕಾನೂನೇ. ಕಥೆಯಲ್ಲಿ 1990ರಲ್ಲಿ ಮದುವೆಯಾದ ತಂಗಿ ಪಿತ್ರಾರ್ಜಿತದಲ್ಲಿ ಪಾಲು ಕೇಳುತ್ತಾಳೆ. ‘ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ, ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ 1994ರ ತಿದ್ದುಪಡಿಗಿಂತ ಮೊದಲೇ ಮದುವೆಯಾದವಳು, ಅವಳಿಗೆ ಪಾಲಿಲ್ಲ’ ಎಂದು ನಮ್ಮ ಸಲಹೆಗಾರರು ಹೇಳಿದರು. ಅವಳು ಸೋಲುವಂತೆ ಬರೆದೆವು, ಚಿತ್ರಿಸಿದೆವು. ಆಮೇಲೆ ಇನ್ನೊಬ್ಬರು ಅದೇ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿಯನ್ನೂ ವಿನೀತಾ ಶರ್ಮಾ ಪ್ರಕರಣದ 2020ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಮುಂದಿಟ್ಟರು. ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಅಪ್ಪ 2005ರಲ್ಲಿ ಬದುಕಿರಬೇಕೆಂದೂ ಇಲ್ಲ. ಮತ್ತೆ ಚಿತ್ರೀಕರಣ. ಅಷ್ಟರಲ್ಲಿ ಅಣ್ಣನ ಪಾತ್ರದವರು ಬೇರೆ ವಾಹಿನಿಗೆ ಹೋಗಿ ಗಡ್ಡ ಬಿಟ್ಟಿದ್ದರು. ಆ ಗಡ್ಡದ ಅಣ್ಣನಿಗೇ ದಿನಕ್ಕೆ ಎರಡು ಪಟ್ಟು ಸಂಭಾವನೆ ತೆತ್ತೆವು.

ಸಿವಿಲ್ ವಕೀಲ: 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಆಸ್ತಿ ವಿಭಾಗವಾಗಿದ್ದರೆ ನಿಮ್ಮ ತಂಗಿಗೆ ಆಗಲೂ ಸೋಲೇ. ಅದನ್ನು ಕಥೆಯಲ್ಲಿ ತೋರಿಸಿದ್ದಿರಾ?

ಹಳೆಯ ಸಂಭಾಷಣೆಕಾರ: ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿಸಿಕೊಂಡು ಮತ್ತೆ ತೋಟಕ್ಕೂ ಬರುವವರನ್ನು ನಾಯಕಿ ಮಾಡುವುದೇಕೆ?

ಸಹಾಯಕ ನಿರ್ದೇಶಕಿ: ನಿಮ್ಮ ದಾವೆಯನ್ನು ಪ್ರೇಕ್ಷಕರು ಏಕೆ ಮರೆತರೆಂದು ಈಗ ತಿಳಿಯಿತು. ಅರಿಶಿನ ಕುಂಕುಮಕ್ಕೆಂದು ಕೊಟ್ಟ ಒಂದು ಸೀರೆಗಾಗಿ ನನ್ನ ಅಮ್ಮ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳು.

ಹಳೆಯ ಸಂಭಾಷಣೆಕಾರ: ಸಹಿ ಹಾಕಿದ ಮೇಲೆ ಮುಗಿಯಿತಲ್ಲ.

ಸಿವಿಲ್ ವಕೀಲ: ನೋಂದಣಿಯಾಗಿದೆಯೇ ಆ ಪತ್ರ?

ತುಮಕೂರಿನವಳು: ನನ್ನ ಪ್ರಶ್ನೆ ಕಲಾಪದ ಬಗ್ಗೆ ಇತ್ತು.

ಸಹಾಯಕ ನಿರ್ದೇಶಕಿ: ಸ್ವಲ್ಪ ತಡೆಯಮ್ಮ. ವಕೀಲರೇ, ನೋಂದಣಿಯಾಗಿಲ್ಲ. ಮುಂದೆ ಹೇಳಿ.