ಸಹಾಯ ಬೇಕು: ಬ್ಯಾಟರಿ ಜೋಡಿಸಿದ ಮೇಲೆ ಕಾರಿನ ಅಲಾರಂ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. 2012ರ ಪೆಟ್ರೋಲ್ ಕಾರು. ಅಲಾರಂ ಕಾರಿನ ಜೊತೆ ಬಂದದ್ದಲ್ಲ, ಆಮೇಲೆ ಹೊರಗೆ ಹಾಕಿಸಿದ್ದು. ಮಳೆಗಾಲದಲ್ಲಿ ಗಾಡಿ ಜಾಸ್ತಿ ಓಡುವುದಿಲ್ಲ, ಹಾಗಾಗಿ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಟ್ಟಿದ್ದೆವು. ಈಗ ಚಾರ್ಜ್ ಮಾಡಿಸಿ ಜೋಡಿಸಿದ ಕೂಡಲೇ ಸೈರನ್ ಶುರು. ಸ್ಟಾರ್ಟರ್ ತಿರುಗುವುದೇ ಇಲ್ಲ.

ಮೀಟರ್ ಇಟ್ಟು ನೋಡಿದೆ, ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಅಂದರೆ ಚಾರ್ಜ್ ಚೆನ್ನಾಗಿಯೇ ಇದೆ. ರಿಮೋಟ್‌ಗೆ ಹೊಸ ಸೆಲ್ ಹಾಕಿದೆ. ಅದರ ದೀಪ ಹತ್ತುತ್ತದೆ, ಕಾರು ಮಾತ್ರ ಕೇಳುವುದಿಲ್ಲ. ಡ್ರೈವರ್ ಬಾಗಿಲನ್ನು ಕೀಲಿಯಿಂದ ತೆಗೆದು, ಇಗ್ನಿಷನ್ ಆನ್ ಮಾಡಿ ಕಾದದ್ದೂ ಆಯಿತು.

ಇಂಥ ಅಲಾರಂಗಳಿಗೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ವ್ಯಾಲೆಟ್ ಸ್ವಿಚ್ (ರಿಮೋಟ್ ಇಲ್ಲದೆ ಅಲಾರಂ ನಿಲ್ಲಿಸುವ ಗುಂಡಿ) ಇರುತ್ತದೆ ಅಲ್ವಾ? ನಮ್ಮದರಲ್ಲಿ ಎಲ್ಲಿ ಅಡಗಿಸಿದ್ದಾರೋ ಸಿಕ್ಕಿಲ್ಲ. ಫ್ಯೂಸ್ ಬಾಕ್ಸ್ ಪಕ್ಕ ಹುಡುಕಬೇಕಾ? ನಮ್ಮ ಕಡೆಯ ಮಳೆಗೆ ಬಾನೆಟ್ ಸ್ವಿಚ್ ತುಕ್ಕು ಹಿಡಿದರೂ ಬಾನೆಟ್ ತೆರೆದಿದೆ ಅಂತ ಅಲಾರಂ ಕೂಗುತ್ತದೆ. ಮೊದಲು ಅದನ್ನು ನೋಡಲಾ? ಸುಮ್ನೆ ಫ್ಯೂಸ್ ಕೀಳಲು ಮನಸ್ಸಿಲ್ಲ. ಸ್ಟಾರ್ಟರ್ ವಯರ್ ಅಲಾರಂ ಮೂಲಕವೇ ಹೋಗಿದ್ದರೆ ಫ್ಯೂಸ್ ಕಿತ್ತ ಮೇಲೂ ಗಾಡಿ ಸ್ಟಾರ್ಟ್ ಆಗದೇ ಇರಬಹುದು.

ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಹಾಗಾಗಿ ಸ್ವಲ್ಪ ಅರ್ಜೆಂಟ್. ರಿಮೋಟನ್ನು ಅಲಾರಂಗೆ ಮತ್ತೆ ಹೊಂದಿಸುವುದು ಹೇಗೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ತೀರ್ಥಹಳ್ಳಿ, ಮಂಡಗದ್ದೆ ಕಡೆ ಮನೆಗೇ ಬಂದು ನೋಡುವ ಕಾರ್ ಎಲೆಕ್ಟ್ರಿಷಿಯನ್ ಇದ್ದರೂ ತಿಳಿಸಿ.