ಏಳು ವರ್ಷದ ಮಗಳಿಗೆ ಕ್ಲ್ಯಾರಿನೆಟ್: ಅಜ್ಜನದ್ದೇ ಕೊಡಲಾ, ಹೊಸದು ತರಲಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಸರ್, ಮಗಳಿಗೆ ಏಳೂವರೆ ವರ್ಷ. ಮೊನ್ನೆ ಒಂದು ಮದುವೆಯಲ್ಲಿ ಬ್ಯಾಂಡಿನವರ ಕ್ಲ್ಯಾರಿನೆಟ್ ಕೇಳಿದ್ದೇ ಕೇಳಿದ್ದು, ಅವತ್ತಿನಿಂದ ಅದೇ ಬೇಕು ಅಂತ ಹಠ. ನಮ್ಮ ಮಾವನವರ ಹಳೇ ಮರದ ಕ್ಲ್ಯಾರಿನೆಟ್ ಅಟ್ಟದ ಮೇಲಿದೆ. ನಮ್ಮವರು ಆನ್‌ಲೈನಲ್ಲಿ ಕೆಂಪು ಬಣ್ಣದ್ದೊಂದು ನೋಡಿಟ್ಟಿದ್ದಾರೆ, ತುಂಬಾ ಅಗ್ಗ. ಯಾವುದು ಕೊಡಿಸಲಿ?

ಉತ್ತರ (ಶಿವಮೊಗ್ಗ, ಕಲಿಸುವುದು ಮತ್ತು ರಿಪೇರಿ):
ಮೊದಲು ಮಗಳ ಬಾಯಿ ತೆರೆಸಿ ನೋಡಿ ಮೇಡಂ. ತಮಾಷೆ ಅಲ್ಲ. ಮೌತ್‌ಪೀಸ್ (ಬಾಯಲ್ಲಿಟ್ಟು ಊದುವ ಭಾಗ) ಮೇಲೆ ಊರುವುದು ಮೇಲಿನ ಮುಂದಿನ ಎರಡು ಹಲ್ಲು. ಹಾಲುಹಲ್ಲು ಬಿದ್ದು ಅವು ಪೂರ್ತಿ ಬಂದಿರಬೇಕು. ಇನ್ನೂ ಅಲ್ಲಾಡುತ್ತಿದ್ದರೆ ಸ್ವಲ್ಪ ತಿಂಗಳು ಕಾಯಿರಿ, ಏನೂ ನಷ್ಟವಿಲ್ಲ.

ಆಮೇಲೆ ಬೆರಳು. ಎಲ್ಲರೂ ನುಡಿಸುವ ಬೀ ಫ್ಲ್ಯಾಟ್ (ಅದು ಶ್ರುತಿಯ ಹೆಸರು) ಕ್ಲ್ಯಾರಿನೆಟ್ ಸುಮಾರು 66 ಸೆಂ.ಮೀ. ಉದ್ದ, ಹತ್ತಿರ ಹತ್ತಿರ ಮುಕ್ಕಾಲು ಕೆಜಿ. ಆ ಭಾರವೆಲ್ಲ ಬಲಗೈ ಹೆಬ್ಬೆರಳ ಮೇಲೆ ಕೂರುತ್ತದೆ. ಏಳು ತೂತುಗಳನ್ನು ಬೆರಳಿನಿಂದಲೇ ಮುಚ್ಚಬೇಕು. ಅಜ್ಜನ ವಾದ್ಯ ಇದಕ್ಕೆ ಒಳ್ಳೆ ಉಪಯೋಗಕ್ಕೆ ಬರುತ್ತದೆ. ಊದುವುದು ಬೇಡ, ಎಲ್ಲ ತೂತು ಒತ್ತಿ ಮುಚ್ಚಿ ಹತ್ತು ಎಣಿಸಲಿ. ಕೈ ತೆಗೆದ ಕೂಡಲೇ ಬೆರಳ ತುದಿ ನೋಡಿ. ಬಳೆಯ ಹಾಗೆ ಪೂರ್ತಿ ದುಂಡಗಿನ ಅಚ್ಚು ಮೂಡಿದ್ದರೆ ಸರಿ. ಅರ್ಧಚಂದ್ರ ಮೂಡಿದ್ದರೆ ಗಾಳಿ ಸೋರುತ್ತದೆ, ವಾದ್ಯ ಕೀ ಅಂತ ಕಿರಿಚುತ್ತದೆ, ಮಗು ಪಾಪ ತನಗೇ ಬರಲ್ಲ ಅಂದುಕೊಂಡು ಮೂಲೆಗಿಡುತ್ತದೆ. ಜಾಸ್ತಿ ಕೈಕೊಡುವುದು ಬಲಗೈ ಉಂಗುರ ಬೆರಳು.

ಅರ್ಧಚಂದ್ರ ಬಂದರೆ ಅದಕ್ಕಿಂತ ಚಿಕ್ಕದಾದ ಸೀ ಶ್ರುತಿಯ ಕ್ಲ್ಯಾರಿನೆಟ್ ನೋಡಿ. ನುವೋ ಕಂಪನಿಯ ಕ್ಲ್ಯಾರಿನಿಯೋ ಅಂತ ಬರುತ್ತದೆ, ಪ್ಲಾಸ್ಟಿಕ್, ಹಗುರ, ನೀರಲ್ಲಿ ತೊಳೆಯಬಹುದು. ಅದರಲ್ಲಿ ಸೀ ನುಡಿಸಿದರೆ ಹಾರ್ಮೋನಿಯಂನ ‘ಬಿಳಿ ಒಂದು’ ಅನ್ನುವ ಮನೆಯ ಸ್ವರವೇ ಕೇಳುತ್ತದೆ. ಬೀ ಫ್ಲ್ಯಾಟಿನಲ್ಲಿ ಹಾಗಲ್ಲ, ಸೀ ಅಂತ ಬೆರಳಿಟ್ಟರೆ ಕರಿ ಐದು ಬರುತ್ತದೆ. ಇನ್ನೂ ಚಿಕ್ಕದಿದೆಯಲ್ಲ ಅಂತ ‘ಈ ಫ್ಲ್ಯಾಟ್’ (E♭) ಶ್ರುತಿಯ ಕ್ಲ್ಯಾರಿನೆಟ್ ಮಾತ್ರ ತರಬೇಡಿ, ಅದನ್ನು ಶ್ರುತಿಯಲ್ಲಿ ನಿಲ್ಲಿಸುವುದು ದೊಡ್ಡವರಿಗೇ ಕಷ್ಟ.

ಇನ್ನು ಮರದ್ದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಅಲ್ವಾ? ಮರ ತೇವ ಕುಡಿದು ಊದಿಕೊಳ್ಳುತ್ತದೆ, ಬೇಗ ಒಣಗಿದರೆ ಸೀಳುತ್ತದೆ. ನಾನೇ ಕಲಿಯುವ ಕಾಲಕ್ಕೆ ನನ್ನದನ್ನು ಬಚ್ಚಲ ಒಲೆ ಮೇಲೆ ಬಟ್ಟೆ ಜೊತೆ ಒಣಗಲಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಪ್ಪನ ಕೈಲಿ ತಿಂದದ್ದು ಬೇರೆ! ಅದಕ್ಕೇ ಮಕ್ಕಳಿಗೆ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದೇ ಕೊಡಿಸಿ. ಯಾವುದೇ ಆಗಲಿ, ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ರೀಡ್ (ಊದಿದಾಗ ಅದುರಿ ಸದ್ದು ಮಾಡುವ ತೆಳು ಪಟ್ಟಿ) ಬಿಚ್ಚಿ ಒಣಗಿಸಿ. ರೀಡ್ ಒಂದೂವರೆ ಅಥವಾ ಎರಡು ನಂಬರಿನದು ಸಾಕು (ನಂಬರು ಅಂದರೆ ಅದರ ಗಡಸುತನ).

ಪ್ರಶ್ನೆ (ಅದೇ ತಾಯಿ):
ಕೆಂಪು ಕ್ಲ್ಯಾರಿನೆಟ್ ಬಗ್ಗೆ ಹೇಳಲೇ ಇಲ್ಲ ಸರ್.

ಉತ್ತರ:
ಬಣ್ಣದ ಮೇಲೆ ನನಗೇನೂ ಸಿಟ್ಟಿಲ್ಲ. ಅಂಥ ಅಗ್ಗದ ಎಷ್ಟೋ ವಾದ್ಯಗಳಲ್ಲಿ ಕೀಗಳ (ತೂತು ಮುಚ್ಚಿ ತೆಗೆಯುವ ಸನ್ನೆಗಳ) ಲೋಹ ಮೆತ್ತಗೆ, ಜೋಡಿಸುವಾಗಲೇ ಬಾಗುತ್ತದೆ. ನನ್ನ ಹತ್ತಿರ ತಂದರೂ ಸುಮ್ನೆ ದುಡ್ಡು ದಂಡ. ಬೆರಳಲ್ಲಿ ಪೂರ್ತಿ ಬಳೆ ಮೂಡಿದರೆ ಅದರ ಬದಲು ಯಮಹಾ 255 ಥರದ ಬೀ ಫ್ಲ್ಯಾಟ್ ಸೆಕೆಂಡ್ ಹ್ಯಾಂಡ್ ಹುಡುಕಿ. ಕೊಳ್ಳುವಾಗ ಮೇಲಿನ ತುಂಡಿನ ತೂತುಗಳನ್ನು ಬೆರಳಿಂದ, ಕೆಳಗಿನ ಬಾಯನ್ನು ಅಂಗೈಯಿಂದ ಮುಚ್ಚಿ ಮೇಲಿನಿಂದ ಗಾಳಿ ಹೀರಿ. ತುಟಿಗೆ ಅಂಟಿಕೊಂಡು ನಿಂತರೆ ಪ್ಯಾಡ್ (ಕೀಗಳ ಕೆಳಗಿನ ಮೆತ್ತೆ) ಚೆನ್ನಾಗಿವೆ, ಸುಯ್ ಅಂತ ಬಿಟ್ಟುಕೊಂಡರೆ ಬೇಡ.

ಪ್ರಶ್ನೆ (ಸಾಗರದಿಂದ ಇನ್ನೊಬ್ಬರು):
ಕರ್ನಾಟಕ ಸಂಗೀತಕ್ಕೂ ಆಗುತ್ತಾ?

ಉತ್ತರ:
ಯಾಕಾಗಲ್ಲ? ಎ.ಕೆ.ಸಿ. ನಟರಾಜನ್ ಕ್ಲ್ಯಾರಿನೆಟ್ಟಿನಲ್ಲೇ ಕಛೇರಿಗಳನ್ನು ಮಾಡಿದವರು. ತೂತಿನ ಮೇಲೆ ಬೆರಳು ಮೆಲ್ಲಗೆ ಸರಿಸಿದರೆ ಸ್ವರ ಜಾರುತ್ತದೆ, ಗಮಕಕ್ಕೆ ಅದೇ ದಾರಿ. ಮಗು ಮೊದಲು ಉಸಿರು ಹಿಡಿಯಲಿ, ಅದೆಲ್ಲ ಆಮೇಲೆ.

ತಾಯಿ:
ಈಗಷ್ಟೇ ನೋಡಿದೆ ಸರ್. ಹಲ್ಲು ಎರಡೂ ಬಂದಿವೆ. ಬೆರಳಲ್ಲಿ ಐದು ಬಳೆ, ಎರಡು ಅರ್ಧಚಂದ್ರ. ಮನೆಯವರಿಗೆಲ್ಲ ತೋರಿಸಿಕೊಂಡು ಓಡಾಡುತ್ತಿದ್ದಾಳೆ.

ಉತ್ತರ:
ಹಾಗಾದರೆ ಸೀ ತನ್ನಿ. ಅಜ್ಜನದ್ದನ್ನು ಮಾರಬೇಡಿ, ಅಟ್ಟದಿಂದ ಇಳಿಸಿ ಒಣ ಕಪಾಟಿನಲ್ಲಿಡಿ. ಮುಂದಿನ ದೀಪಾವಳಿಗೆ ಬೆರಳು ಇನ್ನೊಮ್ಮೆ ನೋಡಿ ಬರೆಯಿರಿ.