ಏಲಕ್ಕಿಯ ಕಟ್ಟೆ ರೋಗದ ವೈರಸ್ಸಿಗೆ ‘ಮ್ಯಾಕ್ಲುರಾವೈರಸ್’ ಎಂಬ ಹೆಸರು ಹೇಗೆ ಬಂತು?

ಪ್ರಶ್ನೆ (ಬೆಳೆಗಾರ, ಸೋಮವಾರಪೇಟೆ):
ಎಲ್ಲರಿಗೂ ನಮಸ್ಕಾರ. ಏಲಕ್ಕಿಯ ಎಳೆಯ ಎಲೆಗಳಲ್ಲಿ ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೆರೆಗಳು ಕಾಣಿಸಿಕೊಂಡರೆ ನಮ್ಮ ತಂದೆಯವರು ಅದನ್ನು ‘ಕಟ್ಟೆ’ ಎಂದು ಗುರುತಿಸಿ, ಇಡೀ ಬುಡವನ್ನೇ ಕಿತ್ತು ನಾಶಪಡಿಸುತ್ತಿದ್ದರು. ಈ ರೋಗವನ್ನು ತರುವ ಏಲಕ್ಕಿ ಮೊಸಾಯಿಕ್ ವೈರಸ್ಸು ಮ್ಯಾಕ್ಲುರಾವೈರಸ್ ಎಂಬ ಕುಲಕ್ಕೆ, ಪೋಟಿವಿರಿಡೇ ಎಂಬ ಕುಟುಂಬಕ್ಕೆ ಸೇರಿದೆ ಎಂದು ಇತ್ತೀಚೆಗೆ ಓದಿದೆ. ನಮ್ಮ ಗಿಡದ ಸುಳಿವೇ ಇಲ್ಲದ ಈ ಹೆಸರುಗಳ ಮೂಲವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸಸ್ಯರೋಗಶಾಸ್ತ್ರದ ವಿದ್ಯಾರ್ಥಿನಿ, ಮಡಿಕೇರಿ):
ಸರ್, ಕುಟುಂಬದ ಹೆಸರು ಬಂದಿರುವುದು ಆಲೂಗಡ್ಡೆಯಿಂದ. ‘ಪೊಟಾಟೊ ವೈರಸ್ ವೈ’ ಎಂಬ ಹೆಸರಿನ ಅಕ್ಷರಗಳನ್ನು ಕೂಡಿಸಿ ‘ಪೋಟಿ’ ಎಂದು ಮಾಡಿದ್ದಾರೆ. ‘ವಿರಿಡೇ’ ಎಂಬುದು ವೈರಸ್ ಕುಟುಂಬಗಳೆಲ್ಲಕ್ಕೂ ಹಚ್ಚುವ ಪ್ರತ್ಯಯ.

ಕುಲದ ಹೆಸರಿನ ಹಿಂದಿರುವ ದಾರಿ ಇನ್ನೂ ಉದ್ದವಾದುದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಭೂವಿಜ್ಞಾನಿ ವಿಲಿಯಂ ಮ್ಯಾಕ್ಲೂರ್ ಅವರ ಗೌರವಾರ್ಥ ಸಸ್ಯವಿಜ್ಞಾನಿ ಥಾಮಸ್ ನಟಾಲ್ ಅವರು ಉತ್ತರ ಅಮೆರಿಕದ ಮುಳ್ಳುಮರವೊಂದರ ಕುಲಕ್ಕೆ 1818ರಲ್ಲಿ ‘ಮ್ಯಾಕ್ಲುರಾ’ ಎಂದು ಹೆಸರಿಟ್ಟರು. ನಮ್ಮ ಹಲಸು, ಅತ್ತಿಗಳ ಕುಟುಂಬದ್ದೇ ಆದ ಆ ಮರದಲ್ಲಿ ಕಂಡ ವೈರಸ್ಸು ಮ್ಯಾಕ್ಲುರಾ ಮೊಸಾಯಿಕ್ ವೈರಸ್ ಎನಿಸಿತು. ಮುಂದೆ ಅದನ್ನೇ ಮಾದರಿಯಾಗಿಟ್ಟುಕೊಂಡು ಕುಲವನ್ನು ರಚಿಸಿದಾಗ, ಅದೇ ಲಕ್ಷಣಗಳಿದ್ದ ಏಲಕ್ಕಿಯ ವೈರಸ್ಸೂ ಅದರೊಳಗೆ ಸೇರಿತು. ಹೀಗಾಗಿ ಕುಲದ ಹೆಸರು ಮಾದರಿ ವೈರಸ್ಸು ಸಿಕ್ಕಿದ ಮರವನ್ನು ಹೇಳುತ್ತದೆಯೇ ಹೊರತು, ನಿಮ್ಮ ತೋಟದ ಗಿಡವನ್ನಲ್ಲ.

ಉತ್ತರ 2 (ನಿವೃತ್ತ ಕನ್ನಡ ಅಧ್ಯಾಪಕ, ವಿರಾಜಪೇಟೆ):
ಮೇಲಿನ ವಿವರಣೆಗೆ ಎರಡು ಮಾತು ಸೇರಿಸುತ್ತೇನೆ. ‘ವೈರಸ್’ ಎಂಬುದು ಲ್ಯಾಟಿನ್ನಿನಲ್ಲಿ ನಂಜು ಎಂಬ ಅರ್ಥದ ಪದ. ಸಂಸ್ಕೃತದಿಂದ ನಮಗೆ ಬಂದಿರುವ ‘ವಿಷ’ವೂ ಅದೂ ಒಂದೇ ಬೇರಿನವು. ಬಣ್ಣದ ಹರಳುಗಳನ್ನು ಜೋಡಿಸಿ ಮಾಡುವ ಚಿತ್ತಾರಕ್ಕೆ ಮೊಸಾಯಿಕ್ ಎನ್ನುವುದರಿಂದ, ತಂಬಾಕಿನ ಎಲೆಯ ಮೇಲಿನ ಮಚ್ಚೆಗಳನ್ನು ಕಂಡ ಅಡಾಲ್ಫ್ ಮೇಯರ್ 1886ರಲ್ಲಿ ಆ ರೋಗಕ್ಕೆ ಅದೇ ಹೆಸರನ್ನು ಕೊಟ್ಟರು. ಏಲಕ್ಕಿಯ ವೈರಸ್ಸಿನ ಹೆಸರಿನಲ್ಲಿ ಎಲೆಯ ರೂಪವನ್ನು ಹೇಳುವುದು ಆ ಒಂದು ಪದ ಮಾತ್ರ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಏಲಕ್ಕಿಗೆ ತಗಲುವ ಇನ್ನೊಂದು ವೈರಸ್ ರೋಗವನ್ನು ನಾವು ‘ಕೊಕ್ಕೆ ಕಂದು’ ಎನ್ನುತ್ತೇವೆ. ಹೊಸ ಕಂದು ಕೊಕ್ಕೆಯಂತೆ ಬಾಗುವುದರಿಂದ ಬಂದಿರುವ ಆ ಹೆಸರನ್ನು ವಿಜ್ಞಾನಿಗಳೂ ತಮ್ಮ ಬರಹಗಳಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ ಎಂಬುದು ನನಗೆ ಬಹಳ ಸಂತೋಷ ತಂದ ಸಂಗತಿ.